ಲೋಕಯ್ಯ ಎತ್ತಿದ ಬಾವುಟ

ಪಾಣೆಮಂಗಳೂರಿನ ಕಡೆ ಈಗಲೂ ಒಂದು ಮಾತು ಉಂಟು. ಯಾರಾದರೂ ತನ್ನವರಿಗೇ ಕೈಕೊಟ್ಟರೆ, "ಅವ ಲೋಕಯ್ಯನ ಬಾವುಟ ಎತ್ತಿದ" ಎನ್ನುತ್ತಾರೆ. ಹೇಳುವವರಲ್ಲಿ ಅರ್ಧ ಜನಕ್ಕೆ ಲೋಕಯ್ಯ ಯಾರೆಂದೇ ಗೊತ್ತಿಲ್ಲ. ಅವರು ನನ್ನ ಅಪ್ಪ. ಹೋದ ವರ್ಷ ಮೆಲ್ಕಾರಿನ ಹೋಟೆಲಿನಲ್ಲಿ ಒಬ್ಬ ಈ ಮಾತು ಆಡಿದಾಗ ಅವನ ಚಹಾದ ಗ್ಲಾಸನ್ನು ನೆಲಕ್ಕೆ ಹೊಡೆದು ಎದ್ದು ಬಂದೆ. ನಾನು ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವನು, ಬರೆದು ಅಭ್ಯಾಸ ಇಲ್ಲ. ಆದರೂ ಅಪ್ಪ ಎಂಥ ಮನುಷ್ಯ ಎಂದು ಒಮ್ಮೆ ಬರೆದಿಡಬೇಕು.

ಅಪ್ಪನ ಮನೆ ಮೂಡಬಿದಿರೆಯ ಬದಿಯ ಬೆಳುವಾಯಿ. ಅಮ್ಮ ಪೂವಮ್ಮನ ಮನೆ ಪಾಣೆಮಂಗಳೂರಿನ ಹತ್ತಿರ. ನಮ್ಮದು ಅಳಿಯಕಟ್ಟು. ಮಕ್ಕಳು ತಾಯಿಯ ಮನೆಗೆ ಸೇರಿದವರು, ಮನೆಗೆ ಯಜಮಾನ ತಾಯಿಯ ಅಣ್ಣ. ಹಾಗಾಗಿ ನಾನು ಬೆಳೆದದ್ದು ರುಕ್ಮಯ್ಯ ಮಾವನ ಅನ್ನದಲ್ಲಿ. ಅಪ್ಪ ವಾರಕ್ಕೊಮ್ಮೆ ಬರುವ ನೆಂಟ. ಶನಿವಾರ ಸಂಜೆ ಬಸ್ಸಿನಿಂದ ಇಳಿದು ಗದ್ದೆಗಳ ನಡುವಿನ ಹುಣಿಯ ಮೇಲೆ ನಡೆದು ಬರುತ್ತಿದ್ದರು. ಸೋಮವಾರ ನಾನು ಏಳುವ ಮೊದಲೇ ಹೋಗಿರುತ್ತಿದ್ದರು.

ಅವರಿಗೆ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ. ಸುಟ್ಟ ಹೆಂಚನ್ನು ಬೆರಳ ಗೆಣ್ಣಿನಿಂದ ಬಡಿದು, ಶಬ್ದ ಕೇಳಿ, ಬಿರುಕು ಇದ್ದದ್ದನ್ನು ಬದಿಗೆ ಹಾಕುವುದು. ಧಣಿಯೇ ಎದುರು ನಿಂತು, "ಇದು ಹೋಗ್ತದೆ, ಬಿಡು ಲೋಕಯ್ಯ" ಅಂದರೂ ಆ ಹೆಂಚು ಒಳ್ಳೆಯ ರಾಶಿಗೆ ಹೋಗುತ್ತಿರಲಿಲ್ಲವಂತೆ. ಮಾತು ಕಡಿಮೆ. ನನ್ನ ಸಿಟ್ಟು ಅವರಿಂದ ಬಂದದ್ದಲ್ಲ.

ಜನವರಿಯಲ್ಲಿ ಕೊಯ್ಲು ಮುಗಿದ ಗದ್ದೆಯನ್ನು ಸಮ ಮಾಡಿ, ಸುತ್ತ ತೆಂಗಿನ ಮಡಲಿನ ತಟ್ಟಿ ಕಟ್ಟಿ, ಅಡಿಕೆ ಮರ ಜೋಡಿಸಿ ಮೆಟ್ಟಿಲು ಮಾಡಿದರೆ ಅದೇ ನಮ್ಮ ಫುಟ್‌ಬಾಲ್ ಸ್ಟೇಡಿಯಂ. ಮೈಕಿನಲ್ಲಿಯೂ ಹಾಗೆಯೇ ಕೂಗುತ್ತಿದ್ದರು. ಆಟಗಾರರೆಲ್ಲ ಬರಿಗಾಲಿನವರು. ಮಾವ ಕಮಿಟಿಯವರಾದ್ದರಿಂದ ಮೆಟ್ಟಿಲಿನ ತುದಿಯಲ್ಲಿ ಕೂರುತ್ತಿದ್ದರು. ಅಮ್ಮ, ನಾನು, ಅಪ್ಪ ಮೂವರೂ ಕೆಳಗೆ, ಸುಣ್ಣದ ಗೆರೆಯ ಬುಡದಲ್ಲಿ ಚಾಪೆ ಹಾಕಿ ಕೂರುತ್ತಿದ್ದೆವು. ಅಪ್ಪ ನೆಲಕಡಲೆ ಸುಲಿದು ನನ್ನ ಕೈಗೆ ಹಾಕುತ್ತಿದ್ದರು. ನಾನು ಬೊಬ್ಬೆ ಹೊಡೆದು ಅವರ ಮುಖ ನೋಡುತ್ತಿದ್ದೆ. ವಾರದಲ್ಲಿ ಅಪ್ಪ ನನಗೆ ಪೂರ್ತಿಯಾಗಿ ಸಿಗುತ್ತಿದ್ದದ್ದು ಆದಿತ್ಯವಾರದ ಆ ಎರಡು ಗಂಟೆ.

ಐವತ್ತೊಂಬತ್ತರ ಫೈನಲ್ ನಮಗೂ ಮೂಡಬಿದಿರೆಯವರಿಗೂ. ಎರಡೂ ಕಡೆಯಿಂದ ಒಬ್ಬೊಬ್ಬ ಲೈನ್‌ಮ್ಯಾನ್ ಕೊಡುವುದು ಆಗಿನ ಕ್ರಮ. ನಮ್ಮವನಿಗೆ ಜ್ವರ. ಮಾವ ಮೆಟ್ಟಿಲಿಳಿದು ಬಂದರು.

"ಭಾವ, ನೀವು ನಿಲ್ಲಿ."

"ನಾನು ಬೆಳುವಾಯಿಯವ. ನಾಳೆ ಮಾತು ಬರಬಾರದು," ಎಂದರು ಅಪ್ಪ.

"ಎಂತ ಮಾತು ಮಾರಾಯ್ರೆ? ಹೆಂಡತಿ ಇಲ್ಲಿ, ಮಗ ಇಲ್ಲಿ, ಕೋಳಿ ಸಾರು ಇಲ್ಲಿ. ಬೆಳುವಾಯಿಯಲ್ಲಿ ನಿಮ್ಮದು ಎಂತ ಉಂಟು, ಚಾಪೆಯಾ?"

ಸುತ್ತಲಿದ್ದವರು ನಕ್ಕರು. ಅಪ್ಪ ಪಂಚೆ ಎತ್ತಿ ಕಟ್ಟಿ, ಕೋಲಿಗೆ ಕಟ್ಟಿದ ಕೆಂಪು ಬಟ್ಟೆ ಹಿಡಿದು ಗೆರೆಗೆ ಹೋದರು.

ಆಟ ಮುಗಿಯಲಿಕ್ಕೆ ಬಂದರೂ ಎರಡೂ ಕಡೆ ಗೋಲಿಲ್ಲ. ಆಗ ನಮ್ಮ ಹನೀಫಾನಿಗೆ ಹಿಂದಿನಿಂದ ಚೆಂಡು ಬಂತು. ಅವನಷ್ಟು ಓಡುವವ ಇಡೀ ತಾಲೂಕಿನಲ್ಲಿ ಇರಲಿಲ್ಲ. ಆದರೆ ಚೆಂಡು ಒದೆಯುವ ಮೊದಲೇ ಅವನು ಮೂಡಬಿದಿರೆಯ ಕೊನೆಯ ಆಳಿಗಿಂತ ಎರಡು ಮಾರು ಮುಂದೆ ನಿಂತಿದ್ದ, ಸರಿಯಾಗಿ ನನ್ನ ಎದುರಿಗೆ. ಹಾಗೆ ಮುಂದೆ ನಿಂತು ಚೆಂಡು ತೆಗೆದುಕೊಂಡರೆ ಆಫ್‌ಸೈಡ್, ಗೋಲು ಲೆಕ್ಕಕ್ಕಿಲ್ಲ. ನಾನು ಕಣ್ಣಾರೆ ನೋಡಿದೆ. ಅವನು ಗೋಲು ಹೊಡೆದ, ಇಡೀ ಸ್ಟೇಡಿಯಂ ಎದ್ದು ನಿಂತಿತು. ಅಪ್ಪನ ಬಾವುಟ ಮೇಲೆ ಹೋಗಿತ್ತು.

ಗೋಲು ರದ್ದಾಯಿತು. ಕೊನೆಗೆ ಚೀಟಿ ಎತ್ತಿದರು. ಕಪ್ಪು ಮೂಡಬಿದಿರೆಗೆ ಹೋಯಿತು.

ಸಂಜೆ ಜಗಲಿಯಲ್ಲಿ ಮಾವ ಕೂರಲೂ ಇಲ್ಲ.

"ನಮ್ಮ ಅನ್ನ ಉಂಡು ಬೆಳುವಾಯಿಗೆ ಬಾವುಟ ಎತ್ತಿದಿರಲ್ಲ ಭಾವ."

"ಅವ ಮುಂದೆ ಇದ್ದ."

"ಯಾರು ನೋಡಿದ್ದು?"

"ನಾನು. ನೋಡ್ಲಿಕ್ಕೆ ತಾನೇ ನಿಲ್ಲಿಸಿದ್ದು?"

ಮಾವ ನನ್ನ ಕಡೆ ತಿರುಗಿದರು. "ಇವನೂ ಗೆರೆಯ ಬುಡದಲ್ಲೇ ಇದ್ದ. ತುಕ್ರ, ನೀನು ಹೇಳು. ಹನೀಫಾ ಮುಂದೆ ಇದ್ದನಾ? ಹೌದು ಅಂತ ನೀನು ಹೇಳಿದರೆ ಇಲ್ಲಿಗೆ ನಾನು ಬಾಯಿ ಮುಚ್ತೇನೆ."

ನನಗೆ ಆಗ ಹತ್ತು ವರ್ಷ. ಮಾವನ ಹೆದರಿಕೆ ಇತ್ತು. ಆದರೆ ಹೆದರಿಕೆ ಒಂದೇ ಎಂದರೆ ಸುಳ್ಳಾಗುತ್ತದೆ. ಕಪ್ಪು ಹೋದ ಸಿಟ್ಟೂ ಇತ್ತು. ಬೇರೆಯವರ ಅಪ್ಪಂದಿರು ಹಾಗೆ ಮಾಡುತ್ತಿದ್ದರಾ ಎಂಬ ಸಿಟ್ಟು.

"ಇಲ್ಲ ಮಾವ. ಅದು ಗೋಲೇ," ಎಂದೆ.

ಅಪ್ಪ ನನ್ನನ್ನು ಬೈಯಲಿಲ್ಲ. "ಸಣ್ಣವನನ್ನು ಯಾಕೆ ಎಳೀತೀರಿ ಭಾವ" ಎಂದಷ್ಟೇ ಹೇಳಿ ಗೂಟದಲ್ಲಿದ್ದ ಅಂಗಿ ತೆಗೆದುಕೊಂಡರು. "ಇನ್ನು ಈ ಕಡೆ ಬರುವುದು ಬೇಡ," ಎಂದರು ಮಾವ. ಅಮ್ಮ ಬಾಗಿಲ ದಾರಂದ ಹಿಡಿದು ನಿಂತಿದ್ದರು. ಯಜಮಾನನ ಮಾತಿಗೆ ಎದುರಾಡುವ ಕ್ರಮ ನಮ್ಮಲ್ಲಿ ಇರಲಿಲ್ಲ.

ಮುಂದಿನ ಶನಿವಾರಗಳಲ್ಲಿ ನಾನು ಹುಣಿಯ ತುದಿಯಲ್ಲಿ ಹೋಗಿ ಕೂತೆ. ಬಸ್ಸು ನಿಲ್ಲುತ್ತಿತ್ತು, ಯಾರೋ ಇಳಿಯುತ್ತಿದ್ದರು. ಮರುವರ್ಷ ಮಾವ ನನ್ನನ್ನು ಮೆಟ್ಟಿಲಿನ ತುದಿಯಲ್ಲಿ ತನ್ನ ಬದಿಯಲ್ಲೇ ಕೂರಿಸಿದರು. ಅಲ್ಲಿಂದ ಮೈದಾನ ಪೂರ್ತಿ ಕಾಣುತ್ತದೆ. ಕೆಳಗೆ ಅಮ್ಮ ಇರಲಿಲ್ಲ, ಆಟಕ್ಕೆ ಬರುವುದನ್ನೇ ಬಿಟ್ಟಿದ್ದರು. ಅಷ್ಟು ಜನರ ನಡುವೆ ನಾನು ಬೊಬ್ಬೆ ಹೊಡೆಯದೆ, ಮೊದಲು ಚಾಪೆ ಹಾಕುತ್ತಿದ್ದ ಜಾಗವನ್ನೇ ನೋಡುತ್ತ ಕೂತೆ.

ಅರವತ್ತಾರರಲ್ಲಿ ತಂಡದವರ ಲಾರಿ ಹತ್ತಿ ಮೂಡಬಿದಿರೆಗೆ ಹೋದೆ. ಗೋಲಿನ ಕಂಬದ ಹಿಂದೆ, ಬಿಸಿಲಿನಲ್ಲಿ, ಅಪ್ಪ ಒಬ್ಬರೇ ಕೂತಿದ್ದರು. ಆ ಊರಿನವರೂ ಅವರನ್ನು ಗೆರೆಗೆ ಕರೆಯುತ್ತಿರಲಿಲ್ಲ. ಹೆಂಡತಿಯ ಮನೆಗೇ ಕೈಕೊಟ್ಟವ ನಮಗೆ ಕೊಡಲಿಕ್ಕಿಲ್ಲವಾ ಎನ್ನುತ್ತಿದ್ದರಂತೆ. ಹೋಗಿ ಬದಿಯಲ್ಲಿ ಕೂತೆ.

"ಯಾವಾಗ ಬಂದದ್ದು?"

"ಈಗ."

"ಅಮ್ಮ?"

"ಇದ್ದಾರೆ."

"ಎತ್ತರ ಆಗಿದ್ದೀಯ," ಎಂದರು.

ಹೇಳಬೇಕಾದದ್ದನ್ನು ಅರ್ಧ ಆಟದವರೆಗೆ ಮನಸ್ಸಿನಲ್ಲೇ ಜೋಡಿಸಿದೆ. ಅಷ್ಟರಲ್ಲಿ ಒಬ್ಬ ಮುಂದೆ ನಿಂತೇ ಚೆಂಡು ತೆಗೆದುಕೊಂಡ. ಲೈನ್‌ಮ್ಯಾನ್ ನೋಡಲಿಲ್ಲ. ಅಪ್ಪನ ಬಲಗೈ ಮೊಣಕಾಲಿನಿಂದ ಸ್ವಲ್ಪ ಎದ್ದು, ತಿರುಗಿ ಅಲ್ಲಿಯೇ ಕೂತಿತು.

"ಅಪ್ಪ," ಎಂದೆ.

"ಹ್ಞಾಂ?"

"ಸೋಡಾ ತರ್ಲಾ?"

"ಬೇಡ."

ಆಟ ಮುಗಿದು ಲಾರಿಯ ಹಾರನ್ ಕೇಳಿತು. ಎದ್ದು ಹೋದೆ.

ಆ ಮಳೆಗಾಲದಲ್ಲಿಯೇ ಅಪ್ಪ ತೀರಿಕೊಂಡರು. ಬೆಳುವಾಯಿಯ ಅಂಗಳದಲ್ಲಿ ಊರವರ ನಡುವೆ ನಾನೂ ಒಬ್ಬನಾಗಿ ನಿಂತೆ. ಹನೀಫಾ ಬಂದಿದ್ದ. ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಆ ದಿನ ನಾನು ಮುಂದೆಯೇ ಇದ್ದೆ ಮಾರಾಯ. ನಿನ್ನ ಅಪ್ಪ ಮಾಡಿದ್ದು ಸರಿ," ಎಂದ.

ನಾನು ಅವನ ಕಾಲರ್ ಹಿಡಿದೆ. "ಆಗ ಯಾಕೆ ಹೇಳಲಿಲ್ಲ?"

"ನನ್ನ ಹತ್ತಿರ ಯಾರು ಕೇಳಿದ್ದಾರೆ?"

ಕೈ ಬಿಟ್ಟೆ. ನನ್ನ ಹತ್ತಿರ ಕೇಳಿದ್ದರು. ಒಳಗಿನಿಂದ ಅಪ್ಪನನ್ನು ಹೊರಗೆ ತರುತ್ತಿದ್ದರು. ಹೆಗಲು ಕೊಟ್ಟವರು ಅವರ ತಂಗಿಯ ಮಕ್ಕಳು. ಅಳಿಯಕಟ್ಟಿನ ಪ್ರಕಾರ ಅದು ಅವರದ್ದೇ ಜಾಗ. ನಾನು ದಾರಿ ಬಿಟ್ಟು ಬದಿಗೆ ನಿಂತೆ. ಅಪ್ಪನಿಗೆ ಕೊಡಲಿಕ್ಕೆ ನನ್ನ ಹತ್ತಿರ ಇದ್ದದ್ದು ಆ ಸಂಜೆ ಜಗಲಿಯಲ್ಲಿ ಹೇಳದ ಒಂದೇ ಮಾತು. ಅದು ಇವತ್ತಿಗೂ ಬಾಕಿ.