ಹೋಳಿಗೆ ದೇವಕಿಯ ಓಮ್ನಿ

ಶಿರಸಿಯ ಸುತ್ತ ಮದುವೆ, ಮುಂಜಿ ಯಾರ ಮನೆಯದಾದರೂ ಹೋಳಿಗೆ ಮಾತ್ರ ದೇವಕಿಯದೇ. ಮೊದಲೆಲ್ಲ ರಿಕ್ಷಾದವನಿಗೆ ಕಾದು, ಬಸ್ಸಿನಲ್ಲಿ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಸಾಗಿಸಿದವಳು. ಐವತ್ತು ಹತ್ತಿರ ಬಂದಾಗ ಡ್ರೈವಿಂಗ್ ಕಲಿತಳು. ಓಣಿಯವರೆಲ್ಲ ಹೊರಗೆ ಬಂದು ನಿಂತು ನೋಡಿದರು. ಹಳೆಯ ಓಮ್ನಿಯೊಂದನ್ನು ಕೊಂಡು ತಾನೇ ಓಡಿಸಿಕೊಂಡು ಮನೆಗೆ ತಂದ ದಿನದಷ್ಟು ಸಂತೋಷ ತನಗೆ ಇನ್ನೆಂದೂ ಆಗಿಲ್ಲವೆಂದು ಈಗಲೂ ಹೇಳುತ್ತಾಳೆ.

ಅಂಥ ಓಮ್ನಿ ಈಚೆಗೆ ದೂರದ ದಾರಿಯಲ್ಲಿ ನಿಲ್ಲತೊಡಗಿತು. ಕೆಮ್ಮುವುದು, ಜಗ್ಗುವುದು, ಆಫ್ ಆಗುವುದು; ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುವುದು. ಬನವಾಸಿ ಕಡೆಯ ಮೆಕ್ಯಾನಿಕ್ ಆನಂದ ಕಾರ್ಬುರೇಟರ್ ತೊಳೆದ, ಫಿಲ್ಟರ್ ಬದಲಿಸಿದ, ಪೇಟೆಯಲ್ಲಿ ಒಂದು ಸುತ್ತು ಹೊಡೆದು ಬಂದ. ಗಾಡಿ ಒಮ್ಮೆಯೂ ಆಫ್ ಆಗಲಿಲ್ಲ.

“ನನ್ ಕೈಯಾಗ ನಿಲ್ಲವಲ್ದು ನೋಡ್ರಿ ಅಕ್ಕಾರ,” ಎಂದ, ಪಾಪ, ಬೇಸರದಿಂದಲೇ.

ಗಂಡ ವೆಂಕಟ್ರಮಣನಿಗೆ ಅಷ್ಟೇ ಸಾಕಾಯಿತು. ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂದು ಗಾದೆ ಬಿಸಾಡಿದ. “ಕ್ಲಚ್ ಮೇಲಿಂದ ಕಾಲೇ ತೆಗಿತಿಲ್ಲೆ ನೀನು. ಮಾರಿಬಿಡನ,” ಎಂದವನು ಅವಳನ್ನು ಕೇಳದೆ ಗಿರಾಕಿಯನ್ನೂ ಹುಡುಕಿದ.

ದೇವಕಿಗೆ ಅತ್ತುಬಿಡುವಷ್ಟು ಸಂಕಟ. ತನ್ನ ಕಾಲೇ ಸರಿಯಿಲ್ಲವೇನೋ ಎಂದು ಅವಳಿಗೂ ಅನ್ನಿಸತೊಡಗಿತ್ತು. ಹೋಳಿಗೆ ಲಟ್ಟಿಸುತ್ತ ನಿಂತಾಗಲೂ ಎಡಗಾಲನ್ನು ಒಮ್ಮೊಮ್ಮೆ ಬಗ್ಗಿ ನೋಡಿಕೊಳ್ಳುತ್ತಿದ್ದಳು.

ಯಲ್ಲಾಪುರದ ಮುಂಜಿಮನೆಯೊಂದಕ್ಕೆ ಹೋಳಿಗೆ ಮುಟ್ಟಿಸಿ ಬಂದಮೇಲೆ ಗಾಡಿ ಗಿರಾಕಿಗೆ ಎಂದು ಠರಾವಾಯಿತು. ಅಂದು ವೆಂಕಟ್ರಮಣನೂ ಜೊತೆಗೆ ಕುಳಿತ. ಮಂಚಿಕೇರಿ ದಾಟಿದ್ದೇ ಓಮ್ನಿ ನಿಂತಿತು.

“ಈ ಬದಿಗೆ ಸರಿ. ಇನ್ನು ಆನು ಹೊಡಿತೆ,” ಎಂದು ಅವನೇ ಸ್ಟಿಯರಿಂಗ್ ಹಿಡಿದ. ಸ್ವಲ್ಪ ಹೊತ್ತು ಕಾದು ಚಾಲೂ ಮಾಡಿದ. ಗಾಡಿ ಹೊರಟಿತು, ಅವನ ಮುಖಕ್ಕೆ ಗತ್ತು ಏರಿತು. ಎರಡು ತಿರುವು ದಾಟುವಷ್ಟರಲ್ಲಿ ಕೆಮ್ಮಿ, ಜಗ್ಗಿ, ಅವನ ಕಾಲಡಿಯಲ್ಲೇ ನಿಂತುಬಿಟ್ಟಿತು.

ಅಲ್ಲಿ ಪಂಕ್ತಿ ಕೂರುವ ಹೊತ್ತು ಹತ್ತಿರ ಬರುತ್ತಿದೆ, ಹಿಂದೆ ಡಬ್ಬಿಗಳು ತುಂಬಿವೆ, ದೇವಕಿಗೋ ಕುಣಿಯುವಷ್ಟು ಖುಷಿ. ನೆಲ ಡೊಂಕಿದ್ದದ್ದು ನಿಜವೇ ಆಗಿತ್ತು.

ಕಾಲಿನ ಮೇಲಿನ ಗುಮಾನಿ ಹೋದದ್ದೇ ಅವಳ ತಲೆ ಚುರುಕಾಯಿತು. ಮೀಟರಿನ ಮುಳ್ಳನ್ನು ನಂಬದೆ, ಪೆಟ್ರೋಲ್ ಇದೆಯೇ ನೋಡೋಣವೆಂದು ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ಬುಸ್ಸೆಂದು ಗಾಳಿ ಒಳಗೆ ನುಗ್ಗಿತು. ಎಣ್ಣೆ ಟಿನ್ನಿಗೆ ಒಂದೇ ತೂತು ಹೊಡೆದರೆ ಎಣ್ಣೆ ಗುಳುಗುಳು ಎಂದು ಬಂದು ನಿಂತುಬಿಡುತ್ತದೆ. ಗಾಳಿ ಹೋಗಲು ಎದುರಿಗೆ ಇನ್ನೊಂದು ಹೊಡೆಯಬೇಕು. ಜನ್ಮವಿಡೀ ಟಿನ್ನು ತೂತು ಮಾಡಿದವಳಿಗೆ ಇದನ್ನು ಯಾರು ಹೇಳಿಕೊಡಬೇಕು? ಮುಚ್ಚಳ ಮಗುಚಿ ನೋಡಿದಳು. ಗಾಳಿ ಹೋಗುವ ಕಿಂಡಿಯ ಮೇಲೆ ದಪ್ಪ ರಬ್ಬರು ಬಿಗಿಯಾಗಿ ಕೂತಿತ್ತು. ಹೋಳಿಗೆಗೆ ಪೆಟ್ರೋಲ್ ವಾಸನೆ ಹಿಡಿಯುತ್ತದೆಂದು ಈಚೆಗಷ್ಟೇ ಹಳೆಯ ಟ್ಯೂಬು ಕತ್ತರಿಸಿ ಅದನ್ನು ಅಲ್ಲಿ ಕೂರಿಸಿದವಳು ಸ್ವತಃ ದೇವಕಿ.

ತಪ್ಪು ಅವಳದೇ ಹೌದು, ಆದರೆ ಕಾಲಿನದಲ್ಲ, ಕೈಯದು. ಅಷ್ಟು ಸಂಭ್ರಮದಿಂದ ಯಾರೂ ತಮ್ಮ ತಪ್ಪನ್ನು ಒಪ್ಪಿಕೊಂಡಿರಲಿಕ್ಕಿಲ್ಲ.

“ಇದು ಆನೇ ಹಾಕಿದ್ದು,” ಎಂದು ರಬ್ಬರನ್ನು ಕಿತ್ತು ಗಂಡನಿಗೆ ತೋರಿಸಿದಳು. “ನಿಂಗ ಇನ್ನು ಆ ಬದಿಗೆ ಕೂರಿ.”

ಓಮ್ನಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಏರು ಬಂತು, ತಿರುವು ಬಂತು, ಎದುರಿಗೆ ಲಾರಿ ಬಂತು, ಒಮ್ಮೆಯೂ ಕೆಮ್ಮಲಿಲ್ಲ. ಪೆಟ್ರೋಲ್ ವಾಸನೆಯೆಂದು ವೆಂಕಟ್ರಮಣ ಮೂಗು ಮುರಿದರೆ, ಒಳ್ಳೆಯ ಮುಚ್ಚಳ ತಂದರಾಯಿತು ಎಂದಳು. ಯಲ್ಲಾಪುರದಲ್ಲಿ ಎಲೆ ಹಾಕುವಷ್ಟರಲ್ಲಿ ಹೋಳಿಗೆ ಬಡಿಸುವವರ ಕೈಗೆ ಸೇರಿತ್ತು.

ವಾಪಸು ಬರುವಾಗ ಗಿರಾಕಿಯ ಫೋನು ಬಂತು. ವೆಂಕಟ್ರಮಣ ಹೆಂಡತಿಯ ಮುಖ ನೋಡಿದ. ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಆತ ಗಂಟಲು ಸರಿಮಾಡಿಕೊಂಡು ಫೋನಿಗೆ ಹೇಳಿದ: “ಮಾರದಿಲ್ಲೆ. ಈ ಗಾಡಿ ಎನ್ನದಲ್ಲ ಮಾರಾಯಾ, ದೇವಕಿದು.”