ಕಬ್ಬಿಣದ ಹಿಡಿಗೆ ಒಬ್ಬ ಬದ್ಲಿ ಬೇಕು

ನ್ಯೂಟೌನ್ ಕಡೆಯವರು ಚಿನ್ನಮ್ಮನಿಗೆ ಒಂದು ಆಟ ಬಾಕಿ ಇಟ್ಟುಕೊಂಡಿದ್ದಾರೆ. ದುಡ್ಡಿನ ಬಾಕಿಯಾಗಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಭದ್ರಾವತಿಯಲ್ಲಿ ಆ ಬಾಕಿ ಇಲ್ಲದ ಮನೆ ಯಾವುದಿದೆ? ಇದು ನಿಂತು ಆಡಿ ತೀರಿಸಬೇಕಾದ ಬಾಕಿ. ತೀರದಿದ್ದರೆ ಬರುವ ಸೋಮವಾರ ಅವಳ ತಲೆ ಮೇಲಿನ ತಗಡು ಹೋಗುತ್ತದೆ.

ಚಿನ್ನಮ್ಮ ಕಾಗದನಗರದ ವಿಡಿಯೋ ಗೇಮ್ ಅಂಗಡಿಯವಳು. ಗಂಡ ಪುಟ್ಟಣ್ಣ ಕಾಗದದ ಕಾರ್ಖಾನೆಯಲ್ಲಿ ಬದಲಿ ಕಾರ್ಮಿಕನಾಗಿದ್ದ. ಕಾಯಂ ನೌಕರ ರಜೆ ಹಾಕಿದ ದಿನ ಮಾತ್ರ ಅವನಿಗೆ ಕರೆ. ನಮ್ಮ ಬಾಯಲ್ಲಿ ಅಂಥವನು ‘ಬದ್ಲಿ’. ಬದ್ಲಿಯಾಗಿಯೇ ಸತ್ತ. ಬದುಕಿದ್ದಾಗ, ತೊಂಬತ್ತರ ದಶಕದ ಕೊನೆಗೆ, ಶಿವಮೊಗ್ಗ ದುರ್ಗಿಗುಡಿಯ ವ್ಯಾಪಾರಿಯೊಬ್ಬನಿಂದ ಹಳೆಯ ಗೇಮ್ ಪೆಟ್ಟಿಗೆಯೊಂದನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ತಂದಿದ್ದ.

ಅದರಲ್ಲಿದ್ದದ್ದು ಹೊಡೆದಾಟದ ಆಟ. ಎರಡು ಬೇರೆ ಬೇರೆ ಕಂಪನಿಗಳು ಹುಟ್ಟಿಸಿದ ಜಟ್ಟಿಗಳು ತಮ್ಮ ತಮ್ಮ ಲೋಕ ಬಿಟ್ಟು ಒಂದೇ ಪರದೆಗೆ ಬಂದು ಕೈ ಮಿಲಾಯಿಸುತ್ತಿದ್ದರು. ಆಡುವವನು ಇಬ್ಬರನ್ನು ಆರಿಸಿಕೊಳ್ಳಬೇಕು. ಒಬ್ಬ ಬಳಲಿದಾಗ ಗುಂಡಿ ಒತ್ತಿದರೆ ಇನ್ನೊಬ್ಬ ಜಿಗಿದು ಬರುತ್ತಾನೆ. ಕಾರ್ಖಾನೆ ಮಕ್ಕಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. “ಬದ್ಲಿ ಕರಿಯೋ, ಸಾಯ್ತಾನೆ, ಬದ್ಲಿ ಕರಿ” ಎಂದು ಮೊದಲ ದಿನವೇ ಕೂಗತೊಡಗಿದರು. ಜಗತ್ತು ಅದಕ್ಕೆ ಏನೇ ಹೆಸರಿಟ್ಟಿರಲಿ, ನಮ್ಮಲ್ಲಿ ಅದು ಬದ್ಲಿ ಆಟ.

ಆಟ ಹಿಟ್ಟಾಯಿತು, ಜೊತೆಗೆ ಜಗಳವೂ ಬಂತು. ಕಬ್ಬಿಣದ ಕಾರ್ಖಾನೆಯ ಕಡೆಯಿಂದ, ನ್ಯೂಟೌನಿನ ಹುಡುಗರು ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಕಾಗದನಗರದವರು ಪೆಟ್ಟಿಗೆ ಬಿಟ್ಟುಕೊಡುತ್ತಿರಲಿಲ್ಲ. ಒಂದು ಭಾನುವಾರ ಕಲ್ಲು ಬಿತ್ತು, ಒಬ್ಬನ ಹುಬ್ಬು ಹರಿಯಿತು. ಜಟ್ಟಿಗಳನ್ನು ಆಡಿಸಲು ಪೆಟ್ಟಿಗೆಗೆ ಎರಡು ಹಿಡಿಗಳಿದ್ದವು. ಮರುದಿನ ಚಿನ್ನಮ್ಮ ಎಡಗಡೆಯ ಹಿಡಿಗೆ ಬಿಳಿ ಬಣ್ಣ, ಬಲಗಡೆಯದಕ್ಕೆ ಕಪ್ಪು ಬಣ್ಣ ಬಳಿದಳು. ಬಿಳಿ ಕಾಗದದವರಿಗೆ, ಕಪ್ಪು ಕಬ್ಬಿಣದವರಿಗೆ. ಎರಡೂ ಕಡೆಯವರು ಒಬ್ಬೊಬ್ಬರು ಬಂದು ನಿಂತರೆ ಮಾತ್ರ ಸ್ವಿಚ್ ಹಾಕುತ್ತಿದ್ದಳು. ಹಾಗೆ ಆಟ ಶುರು ಮಾಡುವುದಕ್ಕೆ ಅವಳ ಮಾತು ‘ತೆಗೆಯೋದು’. “ಜೋಡಿ ಬರ್ಲಿ, ತೆಗೀತೀನಿ.”

ಕಾಗದದ ಕಾರ್ಖಾನೆ ನಿಂತಾಗ ಅಲ್ಲಿನ ಕೆಲಸಗಾರರಾದ ನಾವು ಗೇಟಿನ ಮುಂದೆ ಟೆಂಟು ಹಾಕಿದೆವು. ಸರದಿ ಉಪವಾಸಕ್ಕೆ ಕೂರಲು ಬರಬರುತ್ತಾ ನಮ್ಮವರೇ ಸಾಲದಾದರು. ಆಗ ನ್ಯೂಟೌನಿನ ಹುಡುಗರು ಬಂದು ಚಾಪೆ ಮೇಲೆ ಕೂತರು. ನಿಮಗೂ ಇದಕ್ಕೂ ಏನ್ರೋ ಸಂಬಂಧ ಎಂದು ಕೇಳಿದೆ. ಸುದೀಪ್ ಎಂಬವನು, “ಬದ್ಲಿ ಬಂದಿದೀವಿ ಸಾರ್” ಎಂದ. ಬಿಳಿ ಹಿಡಿಯಲ್ಲಿ ವರ್ಷಗಟ್ಟಲೆ ಅವನ ಜೊತೆ ಹೊಡೆದಾಡಿದ ನಮ್ಮ ಯೋಗರಾಜ ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಎರಡು ಕಾಲೊನಿಗಳನ್ನು ಕೂಡಿಸಲು ಯೂನಿಯನ್ನುಗಳು ಪಟ್ಟ ಪಾಡು ನನಗೆ ಗೊತ್ತು. ಪೆಟ್ಟಿಗೆ ಅದನ್ನು ಸದ್ದಿಲ್ಲದೆ ಮಾಡಿ ಮುಗಿಸಿತ್ತು. ಧರಣಿ ಸೋತಿತು, ಅದು ಬೇರೆ ಮಾತು.

ಈಗ ಕ್ವಾರ್ಟರ್ಸುಗಳು ಖಾಲಿ. ಚಿನ್ನಮ್ಮ ಅಂಗಡಿಯಲ್ಲೇ ಒಲೆ ಹೂಡಿದ್ದಾಳೆ, ಪೆಟ್ಟಿಗೆಯ ಹಿಂದೆ ಮಲಗುತ್ತಾಳೆ. ಅಧಿಕಾರಿಗಳು ಈ ಸಾಲಿನ ಶೆಡ್ಡುಗಳನ್ನೆಲ್ಲ ತೆರವು ಮಾಡಿಸುತ್ತಾರಂತೆ. ನಡೆಯುತ್ತಿರುವ ಅಂಗಡಿಗೆ ರಸ್ತೆ ಬದಿಯಲ್ಲಿ ಬೇರೆ ಜಾಗ, ಬಂದ್ ಆಗಿದ್ದಕ್ಕೆ ಏನೂ ಇಲ್ಲ. ಗುರುವಾರ ಬಂದು ಕಣ್ಣಾರೆ ನೋಡುತ್ತೇವೆ ಎಂದರು.

ಅವತ್ತು ಆಟ ನಡೆಯುತ್ತಿರಬೇಕೆಂದರೆ ಜೋಡಿ ಬೇಕು. ಯೋಗರಾಜ ಈಗ ಆಟೋ ಓಡಿಸುತ್ತಾನೆ; ಬರ್ತೀನಿ ಎಂದ. ಕಪ್ಪು ಹಿಡಿಗೆ ಸುದೀಪನನ್ನು ಕೇಳಲು ನಾನೂ ಚಿನ್ನಮ್ಮನೂ ಶಿವಮೊಗ್ಗಕ್ಕೆ ಬಸ್ಸು ಹತ್ತಿದೆವು. ಗೋಪಾಳದಲ್ಲಿ ಅವನ ಗೇಮಿಂಗ್ ಸೆಂಟರ್ ಇದೆ. ಎಸಿ, ಗೋಡೆಯಗಲದ ಪರದೆ. ಪರದೆಯ ಮೇಲೆ ಅದೇ ಆಟ, ಅದೇ ಜಟ್ಟಿಗಳು. ಹೊಸ ಮಿಷನ್ನಿಗೆ ಮತ್ತೆ ಬಿಟ್ಟಿದ್ದಾರಂತೆ. ಅದು ಬಂದಾಗ ಹುಟ್ಟದೇ ಇದ್ದ ಹುಡುಗಿಯರು, ಹುಡುಗರು ಸರದಿಗೆ ಕಾಯುತ್ತಿದ್ದರು.

ಚಿನ್ನಮ್ಮ ಕೈಯಲ್ಲಿ ಹಿಡಿಯುವ ಕಂಟ್ರೋಲರನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಇದ್ರಲ್ಲಿ ಕಬ್ಬಿಣದ್ದು ಯಾವ್ದಪ್ಪ?”

“ಎಲ್ಲಾ ಒಂದೇ ಅಮ್ಮ. ಇಲ್ಲಿ ಯಾರು ಯಾವ ಕಡೆಯೋರು ಅಂತ ಯಾರಿಗ್ ಗೊತ್ತು?” ಎಂದು ಸುದೀಪ್ ನಕ್ಕ.

“ಹಂಗಾರೆ ಜಗಳ ಆದ್ರೆ ಯಾರ್ನ ಬೈತೀಯ?”

ಅವನು ಜ್ಯೂಸ್ ತರಿಸಿದ. ಗುರುವಾರ ಖಂಡಿತ ಬರ್ತೀನಿ ಎಂದ.

ಗುರುವಾರ ಯೋಗರಾಜ ಬೆಳಿಗ್ಗೆಯೇ ಬಿಳಿ ಹಿಡಿ ಹಿಡಿದು ನಿಂತ. ಅವನಿಗೆ ಸುದೀಪನ ಫೋನ್ ಬಂತು. ದಾವಣಗೆರೆಯಿಂದ ಬದ್ಲಿ ಆಟದ ಟೂರ್ನಮೆಂಟಿಗೆ ತಂಡ ಬಂದುಬಿಟ್ಟಿದೆ, ಬಿಟ್ಟು ಬರೋಕಾಗಲ್ಲ ಮಾರಾಯ, ಯಾರನ್ನಾದ್ರೂ ನಿಲ್ಸು ಎಂದ.

“ನಾನೇ ನಿಲ್ತೀನಿ” ಎಂದೆ.

“ನೀವೂ ಕಾಗದದೋರೇ” ಎಂದಳು ಚಿನ್ನಮ್ಮ.

“ಇದೊಂದ್ ದಿನ ಬಿಡು ಮಾರಾಯ್ತಿ. ಬರೋನಿಗೆ ಬಿಳಿ, ಕಪ್ಪು ಏನ್ ಗೊತ್ತಾಗುತ್ತೆ?”

“ನಂಗ್ ಗೊತ್ತಾಗುತ್ತಲ್ಲ. ಅದೊಂದು ಬಿಟ್ರೆ ಇದು ತಗಡಿನ ಡಬ್ಬ. ಡಬ್ಬಕ್ಕೆ ಜಾಗ ಕೊಡಿ ಅಂತ ಯಾವ ಬಾಯಲ್ಲಿ ಕೇಳ್ಲಿ?”

ಅಷ್ಟರಲ್ಲಿ ಜೀಪು ಬಂತು. ಇಳಿದ ಅಧಿಕಾರಿ ಕತ್ತಲು ಪರದೆ ನೋಡಿದ, ಮುಂದೆ ಸುಮ್ಮನೆ ನಿಂತ ಯೋಗರಾಜನನ್ನು ನೋಡಿದ.

“ಏನಮ್ಮ, ಅಂಗಡಿ ನಡೀತಿದ್ಯಾ?”

“ಇನ್ನೂ ತೆಗ್ದಿಲ್ಲ ಸಾರ್.”

“ಯಾವಾಗಿಂದ ತೆಗ್ದಿಲ್ಲ?”

ಚಿನ್ನಮ್ಮ ಯೋಚಿಸಿ, ಇದ್ದದ್ದನ್ನೇ ಹೇಳಿದಳು. “ಜೋಡಿ ಬರೋದು ನಿಂತು ಬಹಳ ದಿನ ಆಯ್ತು ಸಾರ್.”

ಅವಳು ಹೇಳಿದ್ದು ಆಟದ ಮಾತು, ಅವನು ಕೇಳಿಸಿಕೊಂಡದ್ದು ಅಂಗಡಿಯ ಮಾತು. “ಹಾಗಾದ್ರೆ ಬಂದ್” ಎಂದು ಜೀಪಿನತ್ತ ತಿರುಗಿದ. ನಾನು ಅಡ್ಡ ನಿಂತೆ, ದನಿ ಏರಿಸಿದೆ, ತೆಗೆಯುವುದೆಂದರೆ ಇಲ್ಲಿ ಏನೆಂದು ಬಿಡಿಸಿ ಹೇಳಿದೆ. ಅವನು ನನ್ನನ್ನು ತಲೆಕೆಟ್ಟವನನ್ನು ನೋಡುವಂತೆ ನೋಡಿದ. ಕೊನೆಗೆ, ಸೋಮವಾರ ಇನ್ನೊಮ್ಮೆ ಈ ದಾರಿಯಲ್ಲೇ ಬರ್ತೀನಿ, ಓಡ್ತಾ ಇದ್ರೆ ಬರ್ಕೊಳ್ತೀನಿ, ಇಲ್ಲಾಂದ್ರೆ ಜೆಸಿಬಿ ಎಂದು ಹೊರಟುಹೋದ.

ಯೋಗರಾಜ ಪೆಟ್ಟಿಗೆಗೆ ಒದೆಯಲು ಕಾಲೆತ್ತಿದ, ಒದೆಯಲಿಲ್ಲ. “ನಡೀತಿದೆ ಅನ್ನೋಕೆ ಏನಾಗಿತ್ತಮ್ಮ ನಿಂಗೆ?”

“ಅವನು ಸರಿಯಾಗಿ ಕೇಳ್ಬೇಕಿತ್ತಪ್ಪ” ಎಂದಳು. ಆಮೇಲೆ ಒಲೆಯ ಮುಂದೆ ಕೂತು ಬಹಳ ಹೊತ್ತು ಬೆಂಕಿ ಹಚ್ಚಲಿಲ್ಲ.

ನಾನು ನ್ಯೂಟೌನಿನಲ್ಲಿ ಬಾಗಿಲು ಬಾಗಿಲು ತಟ್ಟಿ ಬಂದೆ. ಅರ್ಧ ಮನೆಗಳಿಗೆ ಬೀಗ, ಉಳಿದವರಿಗೆ ಸೋಮವಾರ ಕೆಲಸ. ಚಿನ್ನಮ್ಮ ನಿಯಮ ಬಿಡುವುದಿಲ್ಲ. ಬಿಡು ಎಂದು ಇನ್ನೊಮ್ಮೆ ಹೇಳಲು ನನಗೂ ಬಾಯಿ ಬರುತ್ತಿಲ್ಲ.

ಹಾಗಾಗಿ ಇದನ್ನು ಓದುತ್ತಿರುವ ನಿಮಗೆ ಹೇಳುತ್ತಿದ್ದೇನೆ. ನೀವು ನ್ಯೂಟೌನಿನಲ್ಲಿ ಬೆಳೆದವರಾಗಿದ್ದರೆ, ಸೈಕಲ್ ತುಳಿದು ಬಂದು ಆ ಕಪ್ಪು ಹಿಡಿ ಒಮ್ಮೆಯಾದರೂ ಹಿಡಿದವರಾಗಿದ್ದರೆ, ಸೋಮವಾರ ಕೆಲಸಕ್ಕೆ ರಜೆ ಹಾಕಿ ಕಾಗದನಗರಕ್ಕೆ ಬನ್ನಿ. ಆಟ ಮರೆತಿದ್ದರೆ ಸೋಲಿ, ಯೋಗರಾಜ ನಕ್ಕರೆ ನಗಲಿ. ಸುದೀಪ್ ಬರಲಿಲ್ಲ. ಅವನ ಬದ್ಲಿ ನೀವು ಬರ್ತೀರೋ ಇಲ್ಲವೋ, ಹೇಳಿ.