ಬಚ್ಚಲ ಸೂರಿನ ಆರ್ಕಿಡ್

ಆ ಬೆಳಗ್ಗೆಯೂ ನಮ್ಮ ಮನೆಯವರು ಎದ್ದ ಕೂಡಲೇ ಬಚ್ಚಲ ಹಿಂದಕ್ಕೆ ಹೋಗಿ, ಸೂರಿಗೆ ನೇತುಹಾಕಿದ್ದ ತಂತಿ ಬುಟ್ಟಿಗೆ ನೀರು ಚಿಮುಕಿಸಿದರು. ನಮ್ಮ ಒಣಹವೆಗೆ ಬಚ್ಚಲ ಹಬೆಯೇ ಒಳ್ಳೆಯದೆಂದು ಆರ್ಕಿಡ್ ಗಿಡವನ್ನು ಅಲ್ಲಿಟ್ಟಿದ್ದರು. ಮೂರು ವರ್ಷವಾದರೂ ಅದು ಹೂ ಬಿಟ್ಟಿರಲಿಲ್ಲ. ಯಾವ ಬಣ್ಣವೆಂದು ಮಾರಿದವನಿಗೂ ಗೊತ್ತಿರಲಿಲ್ಲ. ಅದನ್ನು ನೋಡಬೇಕೆಂಬುದೇ ಇವರ ಆಸೆ.

"ಬಾರೇ ಇಲ್ಲಿ, ಮೊಗ್ಗಿನ ಕಡ್ಡಿ ಬಂದೈತೆ."

ಹೋಗಿ ನೋಡಿದೆ. ಬೆಂಕಿಕಡ್ಡಿಯಷ್ಟಿತ್ತು. "ಇದಕ್ಕೆ ಮೂರು ವರ್ಷವೇನ್ರೀ?"

"ಕೊಬ್ಬರಿ ಆಗ್ಲಿ ಅಂತ ಅಟ್ಟದ ಮೇಲೆ ಕಾಯಿ ಹಾಕಿ ವರ್ಷಗಟ್ಲೆ ಕಾಯಲ್ವಾ? ಇದೂ ಹಂಗೇ ಕಣೇ."

ತೋಟದವರ ಜೊತೆ ಬೆಂಗಳೂರಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿದ್ದಾಗ ತಂದ ಗಿಡ ಅದು. ಬೇರಿಗೆ ಹಾಕಲು ವಿಶೇಷ ಸಾಮಾನೆಂದು ಒಂದು ಪೊಟ್ಟಣವನ್ನೂ ಕೊಟ್ಟಿದ್ದರು. ಬರುವಾಗ ಕಿಬ್ಬನಹಳ್ಳಿಯಲ್ಲಿ ಬಸ್ಸು ಕಾಯುತ್ತಾ ಬಿಚ್ಚಿ ನೋಡಿದರೆ, ತೆಂಗಿನಕಾಯಿ ಮಟ್ಟೆಯ ಚೂರುಗಳು.

"ತಿಪಟೂರು ಸೀಮೆಯೋನು ಬೆಂಗ್ಳೂರಿಂದ ಮಟ್ಟೆ ಹೊತ್ಕಂಡ್ ಬಂದವ್ನೆ ಕಣ್ರಲಾ," ಎಂದು ಜೊತೆಯವರು ಊರಿಗೆಲ್ಲ ಸಾರಿದರು. ನಮ್ಮತ್ತೆಗೆ ಗಾಳಿಯಲ್ಲಿ ಬೇರು ಬಿಡುವುದೆಲ್ಲ ಮರದ ರಸ ಹೀರುವ ಬದನಿಕೆಯೇ. "ಮಾವಿನ ಮರದ ಬದನಿಕೆ ಕೀಳಕ್ಕೆ ಆಳು ಕರೀತಾನೆ, ಬಚ್ಚಲ ಬದನಿಕೆಗೆ ತಾನೇ ನೀರು ಹುಯ್ತಾನೆ," ಎನ್ನುತ್ತಿದ್ದರು.

ಮೊಗ್ಗಿನ ಕಡ್ಡಿ ಕಂಡ ದಿನವೇ ಮಧ್ಯಾಹ್ನ ತೋಟಕ್ಕೆ ಹೋದವರನ್ನು ಜನ ಎತ್ತಿಕೊಂಡು ಬಂದರು. ಎದೆನೋವು ಎಂದು ಕೂತರಂತೆ. ಮತ್ತೆ ಏಳಲಿಲ್ಲ.

ಮಾತಾಡಿಸಲು ಬಂದ ಹೆಂಗಸೊಬ್ಬರು ನನ್ನ ಕೈ ಹಿಡಿದು, "ಬದನಿಕೆ ಮನೆಗೆ ತಂದ್ರೆ ಯಜಮಾನ್ರ ಆಯಸ್ಸು ಹೀರ್ತದೆ ಕಣವ್ವ, ನಂಗಾಗ್ಲೇ ಗೊತ್ತಿತ್ತು," ಎಂದರು. ಹೋದ ವರ್ಷ ತಮಗೂ ಅದರದೊಂದು ತುಂಡು ಬೇಕೆಂದು ಕೇಳಿದವರು ಇವರೇ.

ನನ್ನನ್ನು ಒಳಗೆ ಮೂಲೆಯಲ್ಲಿ ಕೂರಿಸಿದ್ದರು. ಮುಡಿಯ ಹೂ ತೆಗೆಸಿಕೊಂಡವಳು ಹೂವಿನ ಗಿಡಕ್ಕೆ ನೀರು ಹಾಕಿ ಎಂದು ಯಾರಿಗೆ ಹೇಳುವುದು? ಬುಟ್ಟಿ ಒಣಗಿತು.

ತಿಥಿಯ ಹಿಂದಿನ ದಿನ ಮಳೆ ಬಂದು ಬಚ್ಚಲ ಒಲೆಗೆಂದಿದ್ದ ಹಿತ್ತಲ ಮಟ್ಟೆರಾಶಿ ನೆನೆದುಹೋಯಿತು. ಬೆಳಗ್ಗೆ ಮನೆ ತುಂಬ ನೆಂಟರು, ಎಲ್ಲರಿಗೂ ಸ್ನಾನವಾಗಬೇಕು. ಸ್ವಲ್ಪ ಹೊತ್ತಿಗೆ ನಾದಿನಿಯ ಗಂಡ ಕಣ್ಣೊರೆಸಿಕೊಳ್ಳುತ್ತಾ ಒಳಗೆ ಬಂದರು.

"ನಮ್ಮ ಭಾವಂದು ಎಂಥ ಮುಂದಾಲೋಚನೆ ಅಕ್ಕ. ಮಳೆಗಾಲಕ್ಕೆ ಇರ್ಲಿ ಅಂತ ಒಣಮಟ್ಟೆ ಬುಟ್ಟೀಗ್ ತುಂಬಿ ಸೂರಿಗ್ ನೇತಾಕವ್ರೆ. ಅದ್ರಾಗೊಂದು ಒಣಗಿಡ ಬೇರೆ ಇತ್ತು. ಒಂದೇ ಕಡ್ಡೀಗೆ ಒಲೆ ಹತ್ಕಂತು."

ಎಲ್ಲರಿಗೂ ಬಿಸಿನೀರು ಸಾಕಾಯಿತು. ಸತ್ತ ಮೇಲೂ ನೆಂಟರಿಗೆ ತೊಂದರೆ ಕೊಡದ ಮನುಷ್ಯ ಎಂದು ಊಟದ ಪಂಕ್ತಿಯಲ್ಲಿ ಹೊಗಳಿದರು. ಅತ್ತೆ ಮಾತ್ರ ಎದ್ದು ಬಚ್ಚಲ ಕಡೆ ಹೋದರು. ಬರಿಯ ತಂತಿ ಬುಟ್ಟಿಯನ್ನು ತಂದು ನನ್ನ ಪಕ್ಕದಲ್ಲಿಟ್ಟರು.

ಈಗ ಮದುವೆ ಮಂಟಪಗಳಲ್ಲೂ ಆರ್ಕಿಡ್ ಹೂ ಕಟ್ಟುತ್ತಾರೆ. ನೇರಳೆ, ಬಿಳಿ, ಹಳದಿ ಎಲ್ಲ ನೋಡಿದ್ದೇನೆ. ನಮ್ಮದು ಯಾವ ಬಣ್ಣದ್ದೋ, ಅವರಿಗೆ ತಿಳಿಯಲಿಲ್ಲ. ನನಗೂ ತಿಳಿದಿಲ್ಲ.